ಕತ್ತರಿಸದೆ ನೋಡುವುದು ಹೇಗೆ?

ಕಾಮರ್ಸ್ ಓದುವವಳಿಗೆ ಕಬ್ಬಿಣದ ಗೊಡವೆ ಯಾಕೆ ಎಂದು ಗೆಳತಿಯರು ಕೇಳುತ್ತಾರೆ. ನಮ್ಮ ಮಾಮು ಪೀಣ್ಯದ ಒಂದು ಶೆಡ್ಡಿನಲ್ಲಿ ಲಾರಿ ಸ್ಪ್ರಿಂಗ್ ಪಟ್ಟಿಗಳಿಗೆ ಶಾಟ್ ಪೀನಿಂಗ್ ಮಾಡುತ್ತಾರೆ. ಅವರು ಬಂದ ದಿನ ದಸ್ತರ್‌ಖಾನಿನ ಸುತ್ತ ಇದೇ ಮಾತು.

ಶಾಟ್ ಪೀನಿಂಗ್ ಎಂದರೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಲೋಹದ ಮೇಲೆ ಹೊಡೆಯುವುದು. ಏಟು ಬಿದ್ದ ಮೇಲ್ಮೈ ಹರಡಿಕೊಳ್ಳಲು ನೋಡುತ್ತದೆ. ಕೆಳಗಿನ ಲೋಹ ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಮೇಲಿನ ತೆಳು ಪದರ ಒತ್ತಿ ಹಿಡಿದಂತೆ ಉಳಿದುಬಿಡುತ್ತದೆ. ಹೊರಗಿನ ಬಲ ಹೋದ ಮೇಲೂ ಒಳಗೆ ಉಳಿಯುವ ಇದನ್ನು ಉಳಿಕೆ ಒತ್ತಡ ಎನ್ನುತ್ತಾರೆ. ಭಾರ ಹೇರಿದಾಗ ಪಟ್ಟಿಯ ಒಂದು ಮುಖಕ್ಕೆ ಎಳೆತ ಬೀಳುತ್ತದೆ, ಬಿರುಕು ಹುಟ್ಟುವುದು ಅಲ್ಲೇ. ಮೊದಲೇ ಒತ್ತಿಕೊಂಡಿರುವ ಪದರದಲ್ಲಿ ಬಿರುಕಿಗೆ ಬಾಯಿ ತೆರೆಯುವುದು ಕಷ್ಟ. ಏಟು ತಿಂದು ಮಜಬೂತಾಗುವುದು ಎಂದರೆ ಇದೇ ಇರಬೇಕು.

ಆದರೆ ಆ ಒತ್ತಡ ನಿಜಕ್ಕೂ ಇದೆಯೇ? ಶೆಡ್ಡಿನಲ್ಲಿ ಅಲ್ಮೆನ್ ಪಟ್ಟಿ ಎಂಬ ತೆಳು ಉಕ್ಕಿನ ತುಂಡಿಗೂ ಅದೇ ಏಟು ಕೊಟ್ಟು, ಎಷ್ಟು ಬಾಗಿತೆಂದು ಅಳೆಯುತ್ತಾರೆ. ಅದು ಹೇಳುವುದು ಏಟಿನ ಬಲವನ್ನು, ಸ್ಪ್ರಿಂಗಿನ ಒಳಗಿನ ಸಂಗತಿಯನ್ನಲ್ಲ. ಸ್ಪ್ರಿಂಗನ್ನೇ ಕೊರೆದು ಅಳೆಯಬಹುದು. ಆಮೇಲೆ ಅದನ್ನು ಯಾರು ಕೊಳ್ಳುತ್ತಾರೆ? ಸ್ಟಾಕ್ ಹಾಳು ಮಾಡಿ ಸ್ಟಾಕ್ ಎಣಿಸಿದ ಹಾಗೆ!

ಕೆಡಿಸದೆ ಅಳೆಯಲು ಎಕ್ಸ್-ರೇ ಇದೆ. ಲೋಹದಲ್ಲಿ ಪರಮಾಣುಗಳು ಸಾಲುಸಾಲಾಗಿ ನಿಂತಿರುತ್ತವೆ. ಒತ್ತಡ ಬಿದ್ದರೆ ಸಾಲುಗಳ ನಡುವಿನ ಅಂತರ ಬದಲಾಗಿ, ಕಿರಣ ಹೊರಳುವ ಕೋನವೂ ಬದಲಾಗುತ್ತದೆ. ಈ ಲೆಕ್ಕದ ಹಿಂದಿರುವ ಬ್ರ್ಯಾಗ್ ತಂದೆ-ಮಗನಿಗೆ 1915ರಲ್ಲಿ ನೊಬೆಲ್ ಬಂತು. ಮಗನಿಗೆ ಆಗ 25 ವರ್ಷ, ನನಗಿಂತ ಎಂಟೇ ವರ್ಷ ದೊಡ್ಡವರು.

ತೊಡಕು ಏನೆಂದರೆ, ಸಾಮಾನ್ಯವಾಗಿ ಬಳಸುವ ಎಕ್ಸ್-ರೇ ಉಕ್ಕಿನೊಳಗೆ ಇಳಿಯುವುದು ಕೆಲವೇ ಮೈಕ್ರಾನ್. ಪೀನಿಂಗ್ ಪದರ ಅದರ ಹತ್ತಾರು ಪಟ್ಟು ಆಳ. ಕೆಳಗೆ ನೋಡಬೇಕೆಂದರೆ ಲೋಹವನ್ನು ಪದರ ಪದರವಾಗಿ ಕರಗಿಸಿ ತೆಗೆಯಬೇಕು. ಅಲ್ಲಿಗೆ ಕೆಡಿಸದ ಪರೀಕ್ಷೆ ಎಂಬ ಹೆಸರು ಅರ್ಧ ಸುಳ್ಳಾಯಿತು.

ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಅತಿಯಾದ ಭಾರ ಬಿದ್ದು ಲೋಹ ಮಣಿದರೆ ಈ ಒತ್ತಡ ಸಡಿಲವಾಗುತ್ತದೆ. ಕಾರ್ಖಾನೆ ಬಿಟ್ಟ ದಿನ ಇದ್ದ ಒತ್ತಡವನ್ನೇ ಐದು ವರ್ಷದ ನಂತರವೂ ನಂಬುವಂತಿಲ್ಲ. ಸವಕಳಿಯನ್ನು ಪುಸ್ತಕದಲ್ಲಿ ವರ್ಷಕ್ಕೆ ಇಷ್ಟೆಂದು ಕಳೆಯುತ್ತೇವೆ, ಸ್ಪ್ರಿಂಗು ಆ ಪುಸ್ತಕ ಓದಿಲ್ಲ. ನಮ್ಮ ಅಬ್ಬಾ ಓಡಿಸುವುದು ಹಳೆಯ ಲಾರಿ. ಮಾಲೀಕರು ಎಷ್ಟು ಹೇರಿಸಿದರೂ ಎದುರು ಮಾತಾಡುವಂತಿಲ್ಲ. ಹೊರಡುವ ಮುಂಚೆ ಅವರು ಬಗ್ಗಿ ಪಟ್ಟಿಗಳ ಮೇಲೆ ಟಾರ್ಚ್ ಬಿಡುತ್ತಾರೆ. ಬಿರುಕು ಬಿಟ್ಟಿದ್ದರೆ ಕಾಣುತ್ತದೆ. ಅದಕ್ಕೂ ಮೊದಲಿನದು ಟಾರ್ಚಿಗೆ ಸಿಗುವುದಿಲ್ಲ.