ಮಾಸ್ತರರ ಕಾರಿಗೆ ಬಂದ ಬಿಕ್ಕಳಿಕೆ

ಸದಾ ಕಾಡುವ ರೋಗಕ್ಕೆ ಎಲ್ಲಿಯಾದರೂ ಮದ್ದು ದೊರೆತೀತು. ವೈದ್ಯರ ಹೊಸ್ತಿಲು ತುಳಿದೊಡನೆ ಮಾಯವಾಗಿ, ಮನೆಗೆ ಮರಳುವ ಹಾದಿಯಲ್ಲಿ ಮತ್ತೆ ಹಾಜರಾಗುವ ರೋಗಕ್ಕೆ ಯಾರೇನು ಮಾಡಬೇಕು? ರಾಯಚೂರಿನ ಗಣಿತದ ಮಾಸ್ತರರೊಬ್ಬರ ಕಾರಿಗೆ ತಗುಲಿದ್ದು ಇಂಥದೇ ರೋಗ.

ಮಾಸ್ತರರಿಗೆ ನಿವೃತ್ತಿಯಾಗಿ ಬಹಳ ವರ್ಷಗಳಾದವು. ಅವರ ಕಾರಿಗೆ ಇನ್ನೂ ಆಗಿಲ್ಲ. ಅದು 1489 ಸಿ.ಸಿ. ಎಂಜಿನ್ನಿನ ಮಾರ್ಕ್ 2 ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಲದ ಉತ್ತರಪಾರಾದಲ್ಲಿ ಹುಟ್ಟಿದ ಆ ಸಂತತಿ 2014ರಲ್ಲಿ ನಿಂತೇ ಹೋಯಿತು. ಮಾಸ್ತರರ ಕಾರು ಮಾತ್ರ ತಿಂಗಳಿಗೊಮ್ಮೆ ದೇವದುರ್ಗಕ್ಕೆ ಹೋಗಿ, ಅಲ್ಲಿರುವ ಅವರ ಅಕ್ಕನನ್ನು ಕೂರಿಸಿಕೊಂಡು, ಜಗನ್ನಾಥದಾಸರ ನೆಲೆಯಾದ ಮಾನವಿಗೆ ಕರೆದೊಯ್ಯುವ ವ್ರತವನ್ನು ಬಿಟ್ಟಿರಲಿಲ್ಲ.

ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಡಿಸ್ಟ್ರಿಬ್ಯೂಟರಿನೊಳಗಿನ ಹಳೆಯ ಪಾಯಿಂಟನ್ನೂ ಕಂಡೆನ್ಸರನ್ನೂ ಕಿತ್ತು, ಪುಟ್ಟದೊಂದು ಎಲೆಕ್ಟ್ರಾನಿಕ್ ಡಬ್ಬಿಯನ್ನು ಕೂರಿಸಿದ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವುದೆಂದು ತೋರಿಸುವ ಮುಳ್ಳಿನ ಮೀಟರೊಂದನ್ನೂ ಸ್ಟಿಯರಿಂಗಿನ ಬಳಿ ಹಾಕಿದ. “ಇನ್ನ ಪಾಯಿಂಟು ಉಜ್ಜೋ ತಾಪತ್ರಯ ಇಲ್ಲಪ್ಪಾ” ಎಂದ. ಮಾಸ್ತರರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮಗ ಹೋದ ಮರುದಿನ ಬಾನೆಟ್ ತೆರೆದು, ಎಲ್ಲವನ್ನೂ ಒಮ್ಮೆ ನೋಡಿ, ಒರೆಸಿ, ತಮ್ಮ ಪದ್ಧತಿಯಂತೆ ಒಪ್ಪ ಮಾಡಿಟ್ಟರು.

ಶಿವರಾತ್ರಿಯ ಸುಮಾರಿಗೆ ಬಿಕ್ಕಳಿಕೆ ಆರಂಭವಾಯಿತು. ಕಲ್ಮಲಾ ದಾಟಿ ಗಬ್ಬೂರಿನ ಕಡೆಗೆ, ಹತ್ತಿಯ ಹೊಲಗಳ ನಡುವೆ ಕಾರು ಹಾಯಾಗಿ ಓಡುತ್ತಿದ್ದಾಗ ಯಾರೋ ಹಿಂದಿನಿಂದ ಹಿಡಿದೆಳೆದಂತಾಯಿತು. ಒಂದು ಜಗ್ಗು, ಎರಡು ಜಗ್ಗು. ಆಮೇಲೆ ಏನೂ ನಡೆದಿಲ್ಲವೆಂಬಂತೆ ಓಟ. ಗ್ಯಾರೇಜಿನವರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿಗಳು ಹಾರಬೇಕು. ಅವುಗಳಲ್ಲಿ ಕೆಲವು ತಪ್ಪಿದರೂ ಕಾರು ಬಿಕ್ಕುತ್ತದೆ.

ರಾಯಚೂರಿನ ಮೊದಲನೆಯ ಗ್ಯಾರೇಜು ಪ್ಲಗ್ಗುಗಳನ್ನು ಬದಲಿಸಿತು, ಎರಡನೆಯದು ಕಾಯಿಲನ್ನು. ಮೂರನೆಯದರಲ್ಲಿ, ಬಿಸಿಲಿಗೆ ಪೆಟ್ರೋಲು ನಳಿಗೆಯಲ್ಲೇ ಆವಿಯಾಗುತ್ತಿದೆ ಎಂದು ತೀರ್ಮಾನವಾಗಿ, ಪೆಟ್ರೋಲೆಳೆಯುವ ಪಂಪಿಗೆ ಒದ್ದೆ ಬಟ್ಟೆ ಸುತ್ತಲಾಯಿತು. 40 ಡಿಗ್ರಿ ದಾಟುವ ರಾಯಚೂರಿನ ಬೇಸಗೆಯಲ್ಲಿ ಆ ಸಂಶಯ ಅನ್ಯಾಯದ್ದೇನಲ್ಲ. ಆದರೆ ಬಿಕ್ಕಳಿಕೆ ಬಟ್ಟೆಗೂ ಬಗ್ಗಲಿಲ್ಲ. ಊರ ಬೀದಿಗಳಲ್ಲಿ ಓಡಿಸಿ ನೋಡಿದವರಿಗೆಲ್ಲ ಕಾರು ಸಾಧುವಾಗಿ ನಡೆದುಕೊಂಡಿತು.

ಮಾಸ್ತರರು ಬೆಂಗಳೂರಿಗೆ ಫೋನು ಮಾಡಿ, “ನೆಟ್ಟಗಿದ್ದದ್ದನ್ನ ಕೆಡಿಸಿ ಹೋದಿ” ಎಂದುಬಿಟ್ಟರು. ಮಗ ಎರಡು ಮಾತು ವಾದಿಸಿ ಸುಮ್ಮನಾದ. ಅಂದಿನಿಂದ ಅವನ ಫೋನು ತಾಯಿಗೆ ಮಾತ್ರ ಬರತೊಡಗಿತು. “ಅಪ್ಪ ಹೇಗಿದ್ದಾರೆ?” ಎಂಬ ಪ್ರಶ್ನೆ ಅಡಿಗೆಮನೆಯಲ್ಲೇ ಉತ್ತರ ಪಡೆದು ಹಿಂದಿರುಗುತ್ತಿತ್ತು.

ಏಪ್ರಿಲಿನ ಒಂದು ಮಧ್ಯಾಹ್ನ ಅಕ್ಕನನ್ನು ಕೂರಿಸಿಕೊಂಡು ದೇವದುರ್ಗದಿಂದ ಹೊರಟ ಕಾರು, ಸಿರವಾರದ ಈಚೆಗೆ ನೆರಳಿಲ್ಲದ ಜಾಗದಲ್ಲಿ ನಿಂತೇಬಿಟ್ಟಿತು. ಮುಕ್ಕಾಲು ಗಂಟೆ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಕುಳಿತ ಅಕ್ಕ, “ತಮ್ಮಾ, ಮುಂದಿನ ತಿಂಗಳದಿಂದ ನಾ ಬಸ್ಸಿಗೇ ಹೋಗ್ತೀನಿ. ನೀ ಬ್ಯಾಸರ ಮಾಡ್ಕೋಬ್ಯಾಡ” ಎಂದರು. ಕಾರನ್ನು ಕೊಳ್ಳುತ್ತೇನೆಂದು ಹಿಂದೆ ಬಿದ್ದಿದ್ದವನಿಗೆ ಒಪ್ಪಿಗೆ ಕೊಟ್ಟುಬಿಡುವುದೆಂದು ಮಾಸ್ತರರು ಆಗಲೇ ನಿಶ್ಚಯಿಸಿದರು.

ತೆವಳುತ್ತ ಮಾನವಿ ಸೇರಿದ ಮೇಲೆ, ಯಾರೋ ತೋರಿಸಿದ ಒಬ್ಬ ಮುದಿ ಮಿಸ್ತ್ರಿಯ ಬಾಗಿಲಲ್ಲಿ ಕಾರು ನಿಂತಿತು. ಮಿಸ್ತ್ರಿ ಪಾನಾ ಹಿಡಿಯಲಿಲ್ಲ, ಪ್ರಶ್ನೆ ಕೇಳತೊಡಗಿದ. ಮಾಸ್ತರರು ಹೆಮ್ಮೆಯಿಂದ ತಮ್ಮ ನೋಟ್‌ಪುಸ್ತಕ ತೆಗೆದರು. ಹನ್ನೊಂದು ಸಲದ ಬಿಕ್ಕಳಿಕೆಯ ವೇಳೆ, ಸ್ಥಳ, ಸೆಕೆ, ಪೆಟ್ರೋಲಿನ ಮಟ್ಟ, ಎಲ್ಲವೂ ಅದರಲ್ಲಿದ್ದವು.

“ಎಲ್ಲಾ ಬರದೀರಿ, ಮಾಸ್ತರ್ರೀ. ಆವಾಗ ನಿಮ್ಮ ಕಾಲು ಪೆಡಲ್ ಮ್ಯಾಲೆ ಎಷ್ಟಿತ್ತು, ಅದನ್ನ ಬರದಿಲ್ಲಲ್ರೀ?”

ಮಾಸ್ತರರು ಯೋಚಿಸಿದರು. ಪ್ರತಿ ಸಲವೂ ಸಮತಟ್ಟಾದ ರಸ್ತೆ; ಕಾಲು ಹಗುರ. ಏರಿನಲ್ಲಿ ಪೂರ್ತಿ ಒತ್ತಿದಾಗ ಒಮ್ಮೆಯೂ ಬಿಕ್ಕಿರಲಿಲ್ಲ.

“ಆ ಮೀಟರಿನ ಮುಳ್ಳು?”

“ಪಟ್ಟನೆ ಸೊನ್ನೆಗೆ ಬೀಳ್ತದ.”

ಮಿಸ್ತ್ರಿಯ ಮುಖ ಅರಳಿತು. ಪೆಟ್ರೋಲು ಸಾಲದೆ ಎಂಜಿನ್ ಸೊರಗಿದರೆ ಮುಳ್ಳು ಮೆಲ್ಲಗೆ ಇಳಿಯುತ್ತದೆ. ಕಾರು ಇನ್ನೂ ಓಡುತ್ತಿರುವಾಗಲೇ ಪಟ್ಟನೆ ಬಿದ್ದರೆ ಕಾಯಿಲಿನ ಕಡೆಯ ವಿದ್ಯುತ್ತೇ ಕಡಿದಿದೆ ಎಂದರ್ಥ. ಮಗ ಹಾಕಿದ ಮೀಟರು ಎರಡು ತಿಂಗಳಿಂದ ಸಾಕ್ಷಿ ಹೇಳುತ್ತಲೇ ಇತ್ತು, ಕೇಳುವವರಿರಲಿಲ್ಲ.

ಎಂಜಿನ್ ಚಾಲೂ ಇರುವಂತೆಯೇ ಮಿಸ್ತ್ರಿ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ನಳಿಗೆಯನ್ನು ಕಾರ್ಬ್ಯುರೇಟರಿನ ತುದಿಯಲ್ಲಿ ಬಿಚ್ಚಿ, ಬಾಯಿಂದ ಬಲವಾಗಿ ಎಳೆದ. ಎಂಜಿನ್ ಬಿಕ್ಕಿ ನಿಂತಿತು. ಮತ್ತೆ ಚಾಲೂ ಮಾಡಿ, ಮತ್ತೆ ಎಳೆದ, ಮತ್ತೆ ನಿಂತಿತು. ಎಲ್ಲರಿಗೂ ತಲೆ ಮರೆಸಿಕೊಂಡಿದ್ದ ರೋಗ ಕರೆದಾಗಲೆಲ್ಲ ಬಂದು ನಿಂತಿತು!

ಕಾರಣ ಸರಳ. ಪೆಡಲನ್ನು ಹಗುರವಾಗಿ ಒತ್ತಿ ಓಡಿಸುವಾಗ ಎಂಜಿನ್ನಿನ ಸೆಳೆತ ಆ ನಳಿಗೆಯ ಮೂಲಕ ಡಿಸ್ಟ್ರಿಬ್ಯೂಟರಿನೊಳಗಿನ ತಟ್ಟೆಯನ್ನು ತುಸು ತಿರುಗಿಸಿ, ಕಿಡಿಯನ್ನು ಸ್ವಲ್ಪ ಮುಂಚಿತವಾಗಿ ಹಾರಿಸುತ್ತದೆ. ನಿಂತಲ್ಲಿ ಎಂಜಿನ್ ತಿರುಗುವಾಗಲೂ, ಪೆಡಲನ್ನು ಪೂರ್ತಿ ಒತ್ತಿದಾಗಲೂ ಆ ಸೆಳೆತವಿರುವುದಿಲ್ಲ. ತಟ್ಟೆ ತಿರುಗಿದರೆ ಅದರ ಮೇಲಿನ ತಂತಿಯೂ ಜೊತೆಗೆ ಸರಿಯಬೇಕು. ಅದಕ್ಕಾಗಿಯೇ ತಂತಿಯನ್ನು ಸಡಿಲ ಬಿಡುವುದು.

ಮಿಸ್ತ್ರಿ ಮುಚ್ಚಳ ತೆರೆದ. ಡಬ್ಬಿಯಿಂದ ಹೊರಟ ಎರಡು ತಂತಿಗಳು ಬಿಳಿಯ ದಾರದಲ್ಲಿ ಬಿಗಿಯಾಗಿ, ಅಂದವಾಗಿ ಕಟ್ಟಲ್ಪಟ್ಟಿದ್ದವು. ತಟ್ಟೆ ತಿರುಗಿದಾಗಲೆಲ್ಲ ಜಗ್ಗಿ ಜಗ್ಗಿ ಕೆಂಪು ತಂತಿಯ ಎಳೆಗಳು ಒಳಗೇ ತುಂಡಾಗಿದ್ದವು. ಮೇಲಿನ ಕವಚಕ್ಕೆ ಮಾತ್ರ ಏನೂ ಆಗಿರಲಿಲ್ಲ.

“ಡಬ್ಬಿ ಚಲೋ ಅದರೀ. ಈ ದಾರ ಯಾರು ಕಟ್ಟ್ಯಾರ?”

ಮಾಸ್ತರರು ಉತ್ತರಿಸಲಿಲ್ಲ. ಮೂವತ್ತು ವರ್ಷ ಉತ್ತರಪತ್ರಿಕೆಗಳ ಕಟ್ಟಿಗೆ ಹಾಕಿದ ಗಂಟು ಅದು. ಬೇರೆ ಯಾರಿಗೂ ಹಾಗೆ ಹಾಕಲು ಬರುತ್ತಿರಲಿಲ್ಲ.

ಹೊಸ ತಂತಿಯನ್ನು ಬೆಸೆದು, ಬೇಕಾದಷ್ಟು ಸಡಿಲ ಬಿಟ್ಟು, ಮಿಸ್ತ್ರಿ ಅಲ್ಪ ಹಣ ತೆಗೆದುಕೊಂಡ. ಅಕ್ಕ ದಾಸರ ದರ್ಶನ ಮುಗಿಸಿ ಬರುವಷ್ಟರಲ್ಲಿ ಮಾಸ್ತರರು ಬೇವಿನ ಮರದ ಕೆಳಗೆ ಫೋನು ಹಿಡಿದು ನಿಂತಿದ್ದರು. ತರಗತಿಯಲ್ಲಿ ಎಂದೂ ತಡವರಿಸದ ನಾಲಿಗೆ ಅಂದು ತಡವರಿಸಿತು.

“ನಿನ್ನ ಡಬ್ಬಿ ಚಲೋ ಅದ. ದಾರ ನಂದು.”

ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ, “ಬಿಸಿಲಾಗ ಅತ್ತಿನ್ನ ಕೂಡಿಸ್ಕೊಂಡು ನಿಂತೀರೇನಪ್ಪಾ? ಮೊದಲ ಮನಿಗೆ ಹೋಗ್ರಿ. ರಾತ್ರಿ ನಾನೇ ಫೋನ್ ಮಾಡ್ತೀನಿ” ಎಂದು ಕೇಳಿಸಿತು.

ದೇವದುರ್ಗದವರೆಗೂ ಮುಳ್ಳು ಒಮ್ಮೆಯೂ ಬೀಳಲಿಲ್ಲ. ಅಕ್ಕ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದರು. ಬಸ್ಸಿನ ಮಾತು ಮತ್ತೆ ಬರಲಿಲ್ಲ.