ಮುಖ ಮುಳುಗಿಸುವ ವಿದ್ಯೆ

ರಾವಂದೂರಿನ ಸುತ್ತಮುತ್ತ ಈಜು ಬರುವವರಿಗೆ ಬರವಿಲ್ಲ. ಕೆರೆಯೋ, ತೋಟದ ಬಾವಿಯೋ, ಹಾರಂಗಿಯ ನಾಲೆಯೋ, ಯಾವುದೋ ಒಂದು ನೀರು ನಮಗೆಲ್ಲ ಪಾಠಶಾಲೆ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಯೋ, ಹಗ್ಗ ಬಿಗಿದೋ ಸೋದರಮಾವ ನೀರಿಗೆ ನೂಕುತ್ತಿದ್ದ. ದಡದಿಂದ ಬರುತ್ತಿದ್ದ ಪಾಠವೂ ಒಂದೇ: "ಕೈಕಾಲು ಬಡಿ ಕಣ್ಲಾ!" ಬಡಿದವನು ತೇಲಿದ, ತೇಲಿದವನು ಈಜುಗಾರನಾದ. ಆ ಈಜಿನ ಲಕ್ಷಣ ಏನೆಂದರೆ, ತಲೆ ಸದಾ ನೀರಿನ ಮೇಲಿರಬೇಕು.

ಅದಕ್ಕೆ ಕಾರಣವೂ ಇತ್ತು. ಮಳೆಗಾಲದ ಕೆರೆಯೊಳಗೆ ಕಣ್ಣು ಬಿಟ್ಟರೆ ಸ್ವಂತ ಕೈಯೇ ಕಾಣಿಸದು. ಎದುರಿಗೆ ಎಮ್ಮೆ ಮಲಗಿರಬಹುದು, ನೀರೊಳ್ಳೆ ಹಾವು ಹಾದುಹೋಗಬಹುದು, ಏರಿಯ ಮೇಲೆ ಬಿಚ್ಚಿಟ್ಟ ಚಡ್ಡಿಯನ್ನು ಗೆಳೆಯರು ಹೊತ್ತೊಯ್ಯಬಹುದು. ಇಷ್ಟಕ್ಕೆಲ್ಲ ಕಾವಲಿರಬೇಕಾದವನು ಮುಖ ಮುಳುಗಿಸುವುದುಂಟೆ?

ನಡುವಯಸ್ಸಿನಲ್ಲಿ ಮೈಸೂರಿನ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ಇಳಿದೆ. ನಾನು ಒಂದು ಸಲ ಆಚೆ ದಡ ಮುಟ್ಟಿ ಬರುವುದನ್ನು ನೋಡುತ್ತಿದ್ದ ಕೋಚ್, "ಕೆರೆ ಕಡೆಯವರಾ ಸಾರ್?" ಎಂದರು. ಹೌದೆಂದೆ. "ಧೈರ್ಯ ಇದೆ, ದಮ್ಮೂ ಇದೆ. ಇನ್ನು ಕೆಳಗೆ ನೋಡೋದು ಕಲೀರಿ. ಅಲ್ಲೊಂದು ಕಪ್ಪು ಗೆರೆ ಇದೆಯಲ್ಲ, ಅದು ಬಿಟ್ರೆ ನಿಮಗೆ ಬೇರೆ ಏನೂ ಕಾಣಬಾರದು." ಫ್ರಂಟ್ ಕ್ರಾಲಿನ ರುಚಿ ನನಗೆ ಹತ್ತಿದ್ದು ಅಲ್ಲಿಂದ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದಕ್ಕೆ ಎದೆಯೊಡ್ಡಿ ಹೋಗುವವನಿಗೆ ಅರ್ಧ ಶಕ್ತಿ ಅಡ್ಡಿಗೇ ಖರ್ಚು. ನೀರಿನಲ್ಲಿ ಮಲಗಿದ ದೇಹ ಹಳೆಯ ಕಾಲದ ಏತವಿದ್ದಂತೆ. ಗಾಳಿ ತುಂಬಿದ ಎದೆ ಅದರ ನಡುಗಂಬ. ತಲೆ ಮೇಲೆದ್ದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ತಲೆ ತಗ್ಗಿಸಿ ನೆಟ್ಟಗೆ ನೆಲ ನೋಡಿ, ಸೊಂಟ ತಾನಾಗಿ ಮೇಲೆ ಬರುತ್ತದೆ. ಕಾಲು ಬಡಿದು ಬಡಿದು ಸುಸ್ತಾಗುವ ಕೆಲಸವನ್ನು ಕತ್ತಿನ ಒಂದು ಸಣ್ಣ ವಿನಯ ಮಾಡಿಬಿಡುತ್ತದೆ.

ಮುಂದಿನದು ಉಸಿರು. ಕೆರೆಯವರು ಮುಳುಗುವಾಗ ಉಸಿರು ಕಟ್ಟುತ್ತೇವೆ. ಕ್ರಾಲಿನಲ್ಲಿ ಮುಖ ನೀರೊಳಗಿರುವಷ್ಟು ಹೊತ್ತೂ ಗುಳ್ಳೆ ಬಿಡುತ್ತಲೇ ಇರಬೇಕು. ಎದೆ ಒತ್ತಿ ಬರುವ ಚಡಪಡಿಕೆಗೆ ಮುಖ್ಯ ಕಾರಣ ಒಳಗೆ ಕೂಡಿಕೊಂಡ ಇಂಗಾಲದ ಡೈಆಕ್ಸೈಡ್. ಅದನ್ನು ನೀರಿಗೇ ಒಪ್ಪಿಸಿದವನಿಗೆ, ಹೊರಳಿದಾಗ ಗಾಳಿ ಎಳೆದುಕೊಳ್ಳುವುದೊಂದೇ ಬಾಕಿ ಉಳಿಯುತ್ತದೆ. ಆ ಗಾಳಿ ಸಿಗುವ ಜಾಗವೇ ನನಗೆ ಇಂದಿಗೂ ಸೋಜಿಗ. ಸಾಗುವ ತಲೆ ಮುಂದೆ ಒಂದು ಅಲೆ ಎಬ್ಬಿಸುತ್ತದೆ. ಅದರ ಹಿಂದೆ, ಸರಿಯಾಗಿ ಕೆನ್ನೆಯ ಬಳಿ, ನೀರು ತಗ್ಗಾಗುತ್ತದೆ. ತಲೆ ಎತ್ತುವುದೇ ಬೇಡ. ಮೈಯೊಂದಿಗೆ ಮುಖವೂ ಪಕ್ಕಕ್ಕೆ ಹೊರಳಿ, ಒಂದು ಕಣ್ಣು ನೀರಿನಲ್ಲೇ ಇರುವಾಗ, ಬಾಯಿಗೆ ಆ ತಗ್ಗಿನಲ್ಲಿ ಗಾಳಿ ಸಿಗುತ್ತದೆ. ಕೊಳದ ಮಟ್ಟಕ್ಕಿಂತ ಕೆಳಗೆ ಉಸಿರಾಡುವ ಈ ಕಳ್ಳಸುಖ ತಲೆಯೆತ್ತಿ ಈಜುವವರಿಗೆ ದಕ್ಕದು.

ಕೈಯ ಕೆಲಸವೂ ಸೂಕ್ಷ್ಮದ್ದೇ. "ಹೊಡೀಬೇಡಿ ಸಾರ್, ಹಿಡೀರಿ" ಎನ್ನುತ್ತಿದ್ದರು ಕೋಚ್. ಕೈ ಮುಂದೆ ಚಾಚಿದ ಮೇಲೆ ಮೊಣಕೈಯನ್ನು ಮೇಲೆಯೇ ಉಳಿಸಿ, ಬೆರಳನ್ನು ನೆಲಕ್ಕೆ ತೋರಿಸಬೇಕು. ಆಗ ಅಂಗೈಯೊಂದಿಗೆ ಮುಂಗೈಯೂ ನೀರನ್ನು ತೊಡೆಯ ತನಕ ಹಿಂದಕ್ಕೆ ನೂಕುತ್ತದೆ. ಮುಂಡ ಹೊರಳಿದರೆ ಬೆನ್ನಿನ ಬಲವೂ ತೋಳಿಗೆ ಬಂದು ಸೇರುತ್ತದೆ. ಓಟದ ಈಜಿಗೆ ಎರಡು ಕೈಗಳ ಒಂದು ಸುತ್ತಿಗೆ ಆರು ಸಲ ಕಾಲು ಬಡಿಯುವುದು ರೂಢಿ. ನನ್ನಂಥ ನಿಧಾನಸ್ಥನಿಗೆ ಎರಡೇ ಸಾಕು.

ಮುಖ ಮುಳುಗಿಸಲು ಹಿಂಜರಿದವರು ನಾವಷ್ಟೇ ಅಲ್ಲ. 1844ರಲ್ಲಿ ಉತ್ತರ ಅಮೆರಿಕದ ಇಬ್ಬರು ಆದಿವಾಸಿಗಳು ಲಂಡನ್ನಿನ ಕೊಳವೊಂದರಲ್ಲಿ ತೋಳು ಬೀಸಿ, ಕಾಲು ಬಡಿದು ಈಜಿ ತೋರಿಸಿದರು. ತಲೆ ಎತ್ತಿಕೊಂಡು ಮರ್ಯಾದೆಯಿಂದ ಕಪ್ಪೆ ಈಜು ಈಜುತ್ತಿದ್ದ ಇಂಗ್ಲಿಷರಿಗೆ ಅಷ್ಟೊಂದು ನೀರು ಚಿಮ್ಮಿದ್ದು ಒರಟೆನಿಸಿತು. ಆ ಇಬ್ಬರಲ್ಲಿ ಒಬ್ಬನ ಹೆಸರು ಟೊಬ್ಯಾಕೊ ಎಂದು ದಾಖಲಾಗಿದೆ. ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ಪಿರಿಯಾಪಟ್ಟಣ ಸೀಮೆಯವನಾದ ನಾನು ಅವನನ್ನು ನಂಟನೆಂದೇ ತಿಳಿದಿದ್ದೇನೆ. ಸುಮಾರು 1900ರ ಹೊತ್ತಿಗೆ ಸಾಲೊಮನ್ ದ್ವೀಪಗಳಿಂದ ಬಂದ ಅಲಿಕ್ ವಿಕಮ್ ಸಿಡ್ನಿಯಲ್ಲಿ ಇಂಥದೇ ಈಜಿನಿಂದ ಜನರನ್ನು ಬೆರಗುಗೊಳಿಸಿದ. 1922ರಲ್ಲಿ ಜಾನಿ ವೈಸ್‌ಮುಲ್ಲರ್ 100 ಮೀಟರನ್ನು 58.6 ಸೆಕೆಂಡಿನಲ್ಲಿ ಮುಗಿಸಿ, ನಿಮಿಷದ ಗಡಿಯನ್ನು ಮೊದಲ ಬಾರಿ ಮುರಿದ. ಮುಂದೆ ಸಿನಿಮಾದ ಟಾರ್ಜನ್ ಆದವನೂ ಇವನೇ. ತಮಾಷೆಯೆಂದರೆ, ಈ ಮಹಾರಾಯನೂ ತಲೆಯನ್ನು ಮೇಲೆತ್ತಿಯೇ ಈಜುತ್ತಿದ್ದ!

ಹಾಗಾಗಿ ನಮ್ಮ ಕೆರೆಯ ಈಜನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಚೆಂಡಿನ ಮೇಲೆ ಕಣ್ಣಿಡಬೇಕಾದ ವಾಟರ್ ಪೋಲೊ ಆಟಗಾರರು ಇಂದಿಗೂ ತಲೆಯೆತ್ತಿಯೇ ಕ್ರಾಲ್ ಹೊಡೆಯುತ್ತಾರೆ. ಸಮುದ್ರದಲ್ಲಿ ಈಜುವವರು ಆಗಾಗ ಕಣ್ಣೆತ್ತಿ ದಿಕ್ಕು ನೋಡಿಕೊಳ್ಳುತ್ತಾರೆ. ಕಾಣದ ನೀರಿಗೆ ಒಂದು ಈಜು, ತಿಳಿನೀರಿಗೆ ಇನ್ನೊಂದು. ಫ್ರೀಸ್ಟೈಲ್ ಸ್ಪರ್ಧೆಯ ನಿಯಮವೂ ಹೇಗೆ ಬೇಕಾದರೂ ಈಜಿ ಎಂದೇ ಹೇಳುತ್ತದೆ. ಆದರೂ ಎಲ್ಲರೂ ಕ್ರಾಲನ್ನೇ ಆರಿಸುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತ ತಂಡದ ಅತಿ ಕಿರಿಯಳಾಗಿದ್ದ ಬೆಂಗಳೂರಿನ ಧಿನಿಧಿ ದೇಸಿಂಗು 200 ಮೀಟರ್ ಫ್ರೀಸ್ಟೈಲಿಗೆ ಇಳಿದಾಗ ಅವಳಿಗೆ 14 ವರ್ಷ. ಆ ವಯಸ್ಸಿನಲ್ಲಿ ನಾನು ಏರಿಯ ಮೇಲೆ ಚಡ್ಡಿ ಹುಡುಕುತ್ತಿದ್ದೆ.

ಗಡಿಯಾರದ ಈಜು ನನಗಲ್ಲ ಎಂದು ಗೊತ್ತಾದ ಮೇಲೆ ಸುಖ ಹೆಚ್ಚಾಗಿದೆ. ಒಂದು ದಡದಿಂದ ಇನ್ನೊಂದು ದಡಕ್ಕೆ ಎಷ್ಟು ಕೈ ಬೀಸಿದೆ ಎಂದು ಎಣಿಸುತ್ತೇನೆ. ಅವಸರಪಟ್ಟ ದಿನ ಲೆಕ್ಕ ಏರುತ್ತದೆ. ಕೈ ಚಾಚಿ, ಹೊರಳಿ, ಜಾರಲು ಬಿಟ್ಟ ದಿನ ಇಳಿಯುತ್ತದೆ. ಒಂದು ಕೈ ಕಡಿಮೆಯಾದರೂ ಮನೆಗೆ ಹೋಗಿ ಹೇಳುವಷ್ಟು ಸಂಭ್ರಮ. ಹಿಂದಿನಿಂದ ಬರುವ ಹೈಸ್ಕೂಲು ಹುಡುಗರು "ಅಂಕಲ್, ಸ್ವಲ್ಪ ದಾರಿ" ಎನ್ನುತ್ತಾರೆ. ಧಾರಾಳವಾಗಿ ಬಿಡುತ್ತೇನೆ, ಎಣಿಕೆ ಮಾತ್ರ ನಿಲ್ಲಿಸುವುದಿಲ್ಲ.