ಉಳಿದುಕೊಂಡ ಅತ್ತಿಮಬ್ಬೆ

ಹಾಸನದಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿರುವ ಪಾಳ್ಯವು ನನ್ನ ತವರು. ನಮ್ಮ ಗದ್ದೆಯ ಬದಿಯಲ್ಲಿ ಒಂದು ಮಾಸ್ತಿಕಲ್ಲು ಇದ್ದಿತು. ಬಳೆ ತೊಟ್ಟು ಮೇಲಕ್ಕೆತ್ತಿದ ಕೈಯೊಂದನ್ನು ಅದರಲ್ಲಿ ಬಿಡಿಸಿದ್ದರು. ನಾಟಿಯ ದಿನ ನಮ್ಮ ತಾಯಿಯವರು ಅದಕ್ಕೆ ಹೂವಿಟ್ಟು ಕೈಮುಗಿಯುತ್ತಿದ್ದರು.

ನಾನು ಶಾಲೆಯಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ಗುಂಡಮಬ್ಬೆಯ ಕಥೆಯನ್ನು ನಾಟಕವಾಗಿ ಆಡಿದೆವು. ಚಾಲುಕ್ಯ ತೈಲಪನ ಕಾಲದ ವೀರನಾದ ನಾಗದೇವನನ್ನು ಮಲ್ಲಪಯ್ಯನ ಪುತ್ರಿಯರಾದ ಅತ್ತಿಮಬ್ಬೆ, ಗುಂಡಮಬ್ಬೆಯರಿಬ್ಬರೂ ವರಿಸಿದ್ದರು. ಆತನು ಯುದ್ಧದಲ್ಲಿ ಮಡಿಯಲು ಕಿರಿಯಳು ಸಹಗಮನ ಮಾಡಿದಳು. ಹಿರಿಯಳು ಮಗ ಅಣ್ಣಿಗದೇವನೊಡನೆ ಉಳಿದಳು. ಗುಂಡಮಬ್ಬೆಯ ಪಾತ್ರಕ್ಕಾಗಿ ನಮ್ಮಲ್ಲಿ ಬಹಳ ಸ್ಪರ್ಧೆಯಾಯಿತು. ನನಗೆ ದೊರೆತದ್ದು ಅತ್ತಿಮಬ್ಬೆಯ ಪಾತ್ರ. ಕೊನೆಯ ದೃಶ್ಯದಲ್ಲಿ ಬಟ್ಟೆಯ ಬೊಂಬೆಯೊಂದನ್ನು ಎತ್ತಿಕೊಂಡು ಮೂಲೆಯಲ್ಲಿ ನಿಲ್ಲುವುದಷ್ಟೇ ಕೆಲಸ. ಮಾತು ಒಂದೂ ಇರಲಿಲ್ಲ. ಸಭಿಕರ ಕರತಾಡನವೆಲ್ಲ ಗುಂಡಮಬ್ಬೆಗೆ ಸಂದಿತು. ಆ ರಾತ್ರಿ ನಾನು ಹೊದಿಕೆಯೊಳಗೆ ಅತ್ತೆನು.

ನನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಯಜಮಾನರು ಜ್ವರದಿಂದ ತೀರಿಕೊಂಡರು. ಮಗಳಿಗಾಗ ಎರಡು ವರ್ಷ. ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಹಾಲಿಗೆ ಅತ್ತಳು; ಒಲೆ ಹಚ್ಚಲು ಎದ್ದೆನು. ಮಾತಿಲ್ಲದ ಆ ಪಾತ್ರದ ಅರ್ಥವು ಆಗ ನನಗೆ ತಿಳಿಯಿತು. ಅತ್ತಿಮಬ್ಬೆಯು ತನ್ನ ತಂಗಿಗೆ ಹೀಗೆ ಹೇಳಿದ್ದಿರಬಹುದೆಂದು ಅಂದಿನಿಂದ ಕಲ್ಪಿಸಿಕೊಂಡಿದ್ದೇನೆ:

"ತಂಗೀ, ನಿನ್ನಷ್ಟೇ ನಾನೂ ಅವರನ್ನು ಪ್ರೀತಿಸಿದೆನು. ನೀನು ಒಂದು ದಿನದ ಬೆಂಕಿಯನ್ನು ಹೊಕ್ಕೆ. ತಂದೆಯೆಲ್ಲಿ ಎಂದು ಮಗುವು ದಿನವೂ ಕೇಳುತ್ತಿದೆ. ಉತ್ತರ ಹೇಳಲು ಒಬ್ಬರು ಬೇಕಲ್ಲವೇ? ನನ್ನ ಪ್ರೀತಿ ಕಡಿಮೆಯಾಗಿತ್ತೆಂದು ಲೋಕವು ಆಡಿಕೊಂಡರೆ ಆಡಿಕೊಳ್ಳಲಿ."

ಉಳಿದವಳು ಸುಮ್ಮನೆ ಕೂರಲಿಲ್ಲ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಅಲ್ಲಿಯ 1007ರ ಶಾಸನವು ಆಕೆಯ ಕೀರ್ತಿಯನ್ನು ಸಾರುತ್ತದೆ. ದಾನಚಿಂತಾಮಣಿ ಎನಿಸಿಕೊಂಡಳು. ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಗುಂಡಮಬ್ಬೆಯ ಕಥೆಯು ನಮಗೆ ದೊರೆತಿರುವುದು ಆ ಗ್ರಂಥದಿಂದಲೇ. ಅಕ್ಕನು ಉಳಿದುದರಿಂದಲೇ ತಂಗಿಯ ಹೆಸರೂ ಉಳಿಯಿತು.

ತವರಿಗೆ ಹೋದಾಗ ಈಗಲೂ ಆ ಕಲ್ಲಿಗೆ ಹೂವಿಡುತ್ತೇನೆ. ಅವಳ ಮನೆಯಲ್ಲಿ ಉಳಿದವರಾರೋ, ಅವರಿಗೆ ಕಲ್ಲಿಲ್ಲ.

ಸಹೋದರಿಯರೇ, ನಮ್ಮ ಶಾಲೆಯಲ್ಲಿ ಈ ನಾಟಕವನ್ನು ಪುನಃ ಆಡುವುದಾದರೆ, ದಯಮಾಡಿ ಅತ್ತಿಮಬ್ಬೆಗೂ ನಾಲ್ಕು ಮಾತುಗಳನ್ನು ಬರೆಯಿರಿ.